ನೀರಿನ ಗಂಡ

ಪಾಪಿನಾಯಕನಹಳ್ಳಿ

ಮನೆಯವರಿಗೆ ತುಳಸಿಯ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೆ ನೀವು ಗೆಳೆಯರ ಜೊತೆ ಪ್ರವಾಸ ಹೋಗಿರುವ ಕಾರವಾರಕ್ಕೆ ಬರುತ್ತಿರುವ ನಿಮ್ಮ ಗೆಳೆಯ ಹಂಪೇಶಣ್ಣನ ಕೈಲಿ ಈ ಪತ್ರ, ನೀವು ಮರೆತುಹೋದ ಬಿಪಿ ಗುಳಿಗೆ ಕಳಿಸಿದ್ದೇನೆ. ಡಾಲ್ಫಿನ್ ನೋಡುವಾಗ ದೋಣಿಯ ಅಂಚಿಗೆ ಕೂಡಬೇಡಿ, ನನಗೆ ಭಾಳ ಹೆದರಿಕೆ.

"ನಿನ್ನ ಜಾತಕದಾಗ ನೀರಿನ ಗಂಡ ಐತಿ, ನೀರಾಗ ಜೀವಕ್ಕ ಅಪಾಯ, ಸಮುದ್ರಕ್ಕ ನೀ ಬ್ಯಾಡ" ಅಂದಿರಿ. ನಂಬಿದೆ. ದಿನಾ ತುಂಬಿದ ಕಾಲುವೆಗೆ ನಿಮ್ಮ ಬಟ್ಟೆ ಒಗೆಯಲು ಕಳಿಸುವಾಗ ಆ ಗಂಡ ಎಲ್ಲಿ ಹೋಗಿರುತ್ತದೆ? ಇವತ್ತು ಕಾಲುವೆಯಲ್ಲೇ ಪಕ್ಕದ ಮನೆಯ ಉಚ್ಚೆಂಗಮ್ಮ ಫೋನಿನಲ್ಲಿ ನಿಮ್ಮ ಪ್ರವಾಸದ ಫೋಟೋ ತೋರಿಸಿ, "ಏನ್ಲೇ, ಎಲ್ಲಾರ ಹೆಂಡ್ರೂ ದೋಣ್ಯಾಗ ಅದಾರ, ನೀನೊಬ್ಬಾಕಿ ಕಾಲುವ್ಯಾಗ!" ಎಂದು ನಕ್ಕಳು.

ಗುಳಿಗೆ ಊಟದ ನಂತರ ತಗೊಳ್ಳಿ. ಮರಳು ಹತ್ತಿದ ಬಟ್ಟೆ ಅಲ್ಲೇ ಒಗೆದುಕೊಂಡು ಬನ್ನಿ. ನಾನಿನ್ನು ಕಾಲುವೆಗೆ ಇಳಿಯುವುದಿಲ್ಲ. ನನಗೆ ನೀರಿನ ಗಂಡ ಇದೆಯೆಂದು ನೀವೇ ಹೇಳಿದ್ದೀರಲ್ಲ.

ಇಂತಿ,
ದಡದಲ್ಲೇ ಉಳಿದ
ತುಳಸಿ