ಸುಡದೆ ಉಳಿದ ಬಟ್ಟಲುಗಳು

ಡುಲೂತ್, ನವೆಂಬರ್ ೬

ಮಾನ್ಯ ಲಿಂಡ್‌ಹೋಮ್ ಅವರಿಗೆ,

ನಿಮ್ಮ ಮಗಳು ಕಾರಿನ್ ಎರಡು ವಾರದಿಂದ ತರಗತಿಗೆ ಬಂದಿಲ್ಲ. "ಮಡಕೆ ಮಾಡೋಳ ಹತ್ರ ಯಾರಮ್ಮ ಆಪರೇಷನ್ ಮಾಡಿಸ್ಕೋತಾರೆ?" ಎಂದು ನೀವು ನಕ್ಕ ಮೇಲೆ, ಮುಂದೆ ಡಾಕ್ಟರಾಗಬೇಕೆಂದಿದ್ದ ಅವಳು ಕುಂಬಾರಿಕೆಯ ಪದವಿ ಬಿಟ್ಟು ಜೀವಶಾಸ್ತ್ರಕ್ಕೆ ಸೇರಿದಳು. ಕಾಲೇಜಿನಲ್ಲಿ ಅವಳ ಸಲಹೆಗಾರನಾದ ನಾನೂ ಆ ಬದಲಾವಣೆಗೆ ಸಹಿ ಹಾಕಿದೆ. ವೈದ್ಯಕೀಯ ಕಾಲೇಜುಗಳು ಕೆಲವು ವಿಜ್ಞಾನ ವಿಷಯಗಳನ್ನಷ್ಟೇ ಕೇಳುತ್ತವೆ, ಪದವಿ ಯಾವುದಾದರೂ ಆದೀತು ಎಂದು ಆಗಲೇ ನಿಮಗೆ ತಿಳಿಸಬೇಕಿತ್ತು.

ನಿನ್ನೆ ನಾನು ಅವಳ ಹಾಸ್ಟೆಲ್ ಕೋಣೆಗೆ ಹೋದಾಗ ಅವಳು ಬಾಗಿಲು ತೆರೆಯದೆಯೇ, "ಸರ್, ನನ್ ಕೈಲಿ ಮಡಕೆ, ಡಾಕ್ಟರಿಕೆ ಎರಡೂ ಆಗಲ್ಲ, ಬಿಟ್ಬಿಡಿ" ಎಂದಳು. ನಾನು ಅದನ್ನು ನಂಬುವುದಿಲ್ಲ.

ಮತ್ತೆ ಕುಂಬಾರಿಕೆಯ ಪದವಿಗೆ ಮರಳಲು ಶುಕ್ರವಾರ ಕೊನೆಯ ದಿನ. ದಯವಿಟ್ಟು ನೀವೇ ಬಂದು ಅವಳಿಗೆ ಹೇಳಿ. ಅಂದೇ ಇಲ್ಲಿ ಮಡಕೆ ಸುಡುವ ಆವಿಗೆಯನ್ನು ಹೊತ್ತಿಸುತ್ತಾರೆ. ಅವಳು ಮಾಡಿಟ್ಟ ಆರು ಬಟ್ಟಲುಗಳು ಇನ್ನೂ ಸುಡದೆ ಕಪಾಟಿನಲ್ಲಿವೆ. ಅವನ್ನು ಮುಟ್ಟಲು ನಾನು ಯಾರಿಗೂ ಬಿಟ್ಟಿಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ವಾಲ್ಟರ್ ಪೆಟ್ಟಿಬೋನ್