ಗೇಟಿನಲ್ಲಿ ಹಿರಿಯರ ಕುರ್ಚಿ

೧೮ ಸೆಪ್ಟೆಂಬರ್ ೨೦೦೬, ಸೋಮವಾರ. ಬೆಳಿಗ್ಗೆ

ಮತ್ತೆ ಅದೇ ಕನಸು. ಪಾರ್ಕಿನ ಗೇಟು ನಮ್ಮ ಅಡಿಗೆಮನೆ ಬಾಗಿಲಷ್ಟೇ ಆಗಿಬಿಟ್ಟಿದೆ. ಮಂದಿ ಒಳಗೆ ಬರುತ್ತಲೇ ಇದ್ದಾರೆ. ಹೊಸ ಸೀರೆ, ಹೊಸ ಅಂಗಿ. ನಾನು ಒಲೆಗೆ ಬೆನ್ನು ಹಚ್ಚಿ ನಿಂತಿದ್ದೇನೆ. ಸಾಕು, ಜಾಗ ಇಲ್ಲ ಅನ್ನುತ್ತೇನೆ. ಎಲ್ಲರೂ ನಗುತ್ತಾರೆ, ಇನ್ನೊಂದು ಹೆಜ್ಜೆ ಮುಂದೆ ಬರುತ್ತಾರೆ... ಎದ್ದಾಗ ಬ್ಲೌಸು ತೊಯ್ದಿತ್ತು.

ನಮ್ಮನೆಯವರಿಗೆ ಹೇಳಿದೆ. ಹಲ್ಲುಜ್ಜುತ್ತಲೇ, "ಗ್ಯಾಸ್ ಆಗೇತಿ ನಿನಗ. ಜೀರಗಿ ನೀರು ಕುಡಿ" ಅಂದರು. ಫ್ಯಾಕ್ಟರಿ ಬಸ್ಸು ಹಿಡಿಯಲು ಓಡಿದರು.

ದಸರೆ ಹತ್ತಿರ ಬಂತು. ಈ ತೆಲುಗು ಊರಿನ ನಮ್ಮ ಕನ್ನಡ ಸಂಘದ ಬನ್ನಿ ಕಾರ್ಯಕ್ರಮ ಎಂದಿನಂತೆ ನಮ್ಮ ಸನತ್‌ನಗರದ ಕಾಲೊನಿ ಪಾರ್ಕಿನಲ್ಲೇ. ಮೊದಲೆಲ್ಲ ನಮ್ಮದೇ ಮಂದಿ. ಬೀದರ, ಗುಲ್ಬರ್ಗಾ, ರಾಯಚೂರು ಕಡೆಯವರು, ಫ್ಯಾಕ್ಟರಿ ಕ್ವಾರ್ಟರ್ಸಿನವರು. ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಹಿರಿಯರ ಕಾಲಿಗೆ ಬಿದ್ದು, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಈಗ ಹೈಟೆಕ್ ಸಿಟಿ ಹುಡುಗರು ಸೇರಿದ್ದಾರೆ. ಹೋದ ವರ್ಷ ಅವರಲ್ಲೊಬ್ಬ ಪ್ರಜ್ವಲ ಎಲ್ಲರಿಗೂ ಒಂದು ಮೇಲ್ ಕಳಿಸಿದನಂತೆ, ಬಸ್ಸುಗಟ್ಟಲೆ ಬಂದರು. ಗೇಟಿನಲ್ಲಿ ತಳ್ಳಾಟ. ಒಬ್ಬಾಕೆಯ ಬಳೆ ಒಡೆದು ಕೈ ಕೊಯ್ದಿತ್ತು. ಏನೂ ಆಗಲಿಲ್ಲ ಅಂದರು. ಕೈ ಕೊಯ್ದರೆ ಏನೂ ಅಲ್ಲವಂತೆ!

ಪಾರ್ಕಿಗೆ ಇರುವುದು ಒಂದೇ ಗೇಟು. ಅದರ ಜವಾಬ್ದಾರಿ ಈ ಸಲವೂ ನನಗೆ.

೨೪ ಸೆಪ್ಟೆಂಬರ್, ಭಾನುವಾರ. ಮೀಟಿಂಗ್ ಮುಗಿಸಿ ಬಂದು

ಚಪ್ಪಲಿಯನ್ನೂ ಬಿಚ್ಚದೆ ಬರೆಯುತ್ತಿದ್ದೇನೆ. ಸಿಟ್ಟಿಗೆ.

ಅಧ್ಯಕ್ಷ ವೀರಭದ್ರಪ್ಪನವರ ಮನೆಯಲ್ಲಿ ಮೀಟಿಂಗ್. ನಮ್ಮನೆಯವರಿಗೆ ಫ್ಯಾಕ್ಟರಿಯಲ್ಲಿ ಸಾಹೇಬರಾಗಿದ್ದವರು. ರಿಟೈರಾದರೂ ಸಾಹೇಬಗಿರಿ ಇಳಿದಿಲ್ಲ. ಹಿರಿಯರ ಕುರ್ಚಿಗಳು ಯಾವಾಗಿನಂತೆ ಗೇಟಿನ ಒಳಬದಿಗೇ ಇರಲಿ ಅಂದರು. ಬಂದವರು ಮೊದಲು ಹಿರಿಯರಿಗೆ ನಮಸ್ಕಾರ ಮಾಡಿ ಆಮೇಲೆ ಮುಂದೆ ಹೋಗಬೇಕಂತೆ.

"ಬಾಗಲದಾಗ ಒಬ್ಬರು ಬಗ್ಗಿದ್ರ ಹಿಂದಿನವರು ಎಲ್ಲಿ ಹೋಗಬೇಕ್ರಿ? ಅವರ ಮ್ಯಾಲ ಏರಿ ಹೋಗಬೇಕೇನು?" ಅಂದೆ.

"ಇಷ್ಟು ವರ್ಷ ಬಗ್ಗ್ಯಾರಲ್ರಿ. ಯಾರು ಸತ್ತಾರ ಹೇಳ್ರಿ?"

"ಸತ್ತ ಮ್ಯಾಲೇ ಹೇಳಬೇಕೇನ್ರಿ?"

"ಸತ್ಯಭಾಮಾಬಾಯಿ, ಹೋದ ವರ್ಷ ಉಪ್ಪಿಟ್ಟಿನಾಗ ಹಲ್ಲಿ ಬಿದ್ದೈತಿ ಅಂತ ಬೋಗಣಿಗಟ್ಟಲೆ ಚೆಲ್ಲಿಸಿದ್ರಿ. ನೋಡಿದ್ರ ಮೆಣಸಿನಕಾಯಿ. ಅದರ ಹಿಂದಿನ ವರ್ಷ ಲೈಟಿನ ಸರದಾಗ ಕರೆಂಟ್ ಹೊಡಿತೈತಿ ಅಂತ ಎಲ್ಲಾರನ್ನೂ ಕತ್ತಲದಾಗ ಕುಂದ್ರಿಸಿದ್ರಿ. ಈ ವರ್ಷ ಇದು!"

ಎಲ್ಲರೂ ನಕ್ಕರು. ನಮ್ಮನೆಯವರೂ ನಕ್ಕರು. ನೋಡಿದೆ.

ಬಾಯಿ ಹಾಕಿದವನು ಪ್ರಜ್ವಲ. ಮೈಸೂರಿನ ಹುಡುಗ, ಹೈಟೆಕ್ ಸಿಟಿಯಲ್ಲಿ ಕೆಲಸ. "ಆಂಟಿ ಹೇಳ್ತಿರೋದು ಸರಿ ಸಾರ್. ಹಿರಿಯರನ್ನ ಆ ಕೊನೇಲಿ ಸ್ಟೇಜ್ ಮೇಲೆ ಕೂರಿಸೋಣ. ಪಾದ ನಮ್ಮ ಎದೆ ಮಟ್ಟಕ್ಕೆ ಬರುತ್ತೆ. ಯಾರೂ ಬಗ್ಗೋದೇ ಬೇಡ. ಮುಟ್ಟಿ ನಮಸ್ಕಾರ ಮಾಡ್ಕೊಂಡು ನಡೀತಾ ಇರಬಹುದು."

ವೀರಭದ್ರಪ್ಪನವರ ಮುಖ ಕೆಂಪಾಯಿತು. "ನಾವೇನು ಗಣಪತಿ ಏನೋ? ಎತ್ತರಕ್ಕ ಕುಂದ್ರಿಸಿ ಕೈಮುಗಿದು, ಆಮ್ಯಾಲ ಲಾರ್ಯಾಗ ಹಾಕ್ಕೊಂಡು ಹೋಗಿ ಟ್ಯಾಂಕ್‌ಬಂಡಿನ ಕೆರ್ಯಾಗ ಮುಳಗಸ್ತೀರಿ?"

ಕೈ ಎತ್ತಿಸಿದರು. ಸ್ಟೇಜಿಗೇ ಹೆಚ್ಚು ಕೈ. ಅವರು ತಮ್ಮ ಮನೆಯ ಚಹಾ ತಾವೇ ಕುಡಿಯಲಿಲ್ಲ. ನಾವು ಹೊರಡುವಾಗ ಹೇಳಿದರು: "ಏಳನೇತ್ತ ಸಾಲಿ ಅರ್ಧಕ್ಕ ಬಿಟ್ಟವರೇ ನಡಸ್ರಿ ಇನ್ನ ಸಂಘಾನ."

ನಾನಾಗಿ ಬಿಟ್ಟದ್ದಲ್ಲ, ಬಿಡಿಸಿದ್ದು. ಮೊದಲು ಮರಾಠಿ ಶಾಲೆ, ಆಮೇಲೆ ಕನ್ನಡ ಶಾಲೆ, ಆಮೇಲೆ ಲಗ್ನ. ಅಲ್ಲೇ ಹೇಳಬೇಕಿತ್ತು.

೨೮ ಸೆಪ್ಟೆಂಬರ್, ಗುರುವಾರ

ಅತ್ತೆಗೂ ಸಿಟ್ಟು. ನಮ್ಮತ್ತೆ ಗುಂಡಮ್ಮ ಅಂದರೆ ಕಾಲೊನಿಗೇ ಹಿರಿಯರು, ಗೇಟಿನ ಮೊದಲನೇ ಕುರ್ಚಿ ಅವರದು. ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದರು: "ಗೇಟಿನಾಗ ಕುಂತ್ರ ಹೋಗೋರು ಬರೋರು ಮಾತಾಡಸ್ತಿದ್ರು. ಈ ವರ್ಷ ನನ್ನ ಒಯ್ದು ಮ್ಯಾಲ ಇಡತಾಳಂತ, ಉಪ್ಪಿನಕಾಯಿ ಭರಣಿ ಇಟ್ಟಾಂಗ!"

"ನಿಮ್ಮ ಸೊಂಟಕ್ಕ ಒಬ್ಬರು ಡಿಕ್ಕಿ ಹೊಡದ್ರ ಏನ್ರಿ ಗತಿ?"

"ನಿನ್ನ ಬಾಯಾಗ ಒಳ್ಳೇದು ಒಂದಾದ್ರೂ ಬರತೈತೇನು?"

ಬರುವುದಿಲ್ಲ. ಗೊತ್ತು. ಈಗ ಸ್ಟೇಜಿನ ಚಿಂತೆ ಹತ್ತಿದೆ. ಮೆಟ್ಟಿಲು ಜಾರಿದರೆ? ಹಲಗೆ ಮುರಿದರೆ? ಅದೂ ನನ್ನ ತಲೆಗೇ. ಹಿಮಾಯತ್‌ನಗರ, ನಾರಾಯಣಗೂಡದಂಥ ದೂರದ ಬಡಾವಣೆಗಳಿಂದಲೂ ಬರುತ್ತೇವೆ ಅಂದಿದ್ದಾರಂತೆ. ಪ್ರಜ್ವಲ ಖುಷಿಯಿಂದ ಹೇಳಿದ. ಇವನಿಗೆ ಕರೆಯುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ.

೧ ಅಕ್ಟೋಬರ್, ಭಾನುವಾರ

ಶಾಮಿಯಾನದವರು ಸ್ಟೇಜು ಹಾಕಿದರು. ಮೇಲೆ ಹತ್ತಿ ಒಮ್ಮೆ ಕುಣಿದು ತೋರಿಸಿ ಅಂದೆ. ಮದುವೆಗಳಲ್ಲಿ ಬ್ಯಾಂಡಿನವರೆಲ್ಲ ಇದರ ಮೇಲೇ ಕುಣಿಯುವುದು ಅಂತ ತೆಲುಗಿನಲ್ಲಿ ಹೇಳಿ ನಕ್ಕರು. ಕುಣಿಯಲಿಲ್ಲ. ನಾನೇ ಹತ್ತಿ ಕಾಲು ಅಪ್ಪಳಿಸಿ ನೋಡಿದೆ. ಗಟ್ಟಿ ಇದೆ. ಇರಬೇಕು.

ವೀರಭದ್ರಪ್ಪನವರು ನಾಳೆ ಬರುವುದಿಲ್ಲವಂತೆ. ಮುನಿಸು. ಬರದಿರಲಿ, ಒಬ್ಬರು ಕಡಿಮೆ.

೨ ಅಕ್ಟೋಬರ್, ದಸರಾ. ಮಧ್ಯಾಹ್ನ

ಹೋಳಿಗೆ ಅರ್ಧಕ್ಕೇ ಬಿಟ್ಟೆ. ಸೆರಗಿಗೆ ಪಿನ್ನು ಹಾಕಿಕೊಂಡೆ. ಹೊರಟೆ.

೫ ಅಕ್ಟೋಬರ್, ಗುರುವಾರ

ಬರೆದುಬಿಡಬೇಕು. ಬೇರೆಯವರು ಹೇಳಿ ಹೇಳಿ ನನಗೇ ಮರೆತು ಹೋಗುತ್ತದೆ.

ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಲೈನು ಹರಿಯುತ್ತಿತ್ತು. ಸ್ಟೇಜಿನ ಮೇಲೆ ಅತ್ತೆ, ಬಂದವರ ತಲೆ ಮುಟ್ಟಿ ಮುಟ್ಟಿ ಆಶೀರ್ವಾದ — ಖುಷಿಯಾಗಿಯೇ ಇದ್ದರು, ನನ್ನನ್ನು ನೋಡಿದಾಗ ಮಾತ್ರ ಮುಖ ಗಂಟು. ಪ್ರಜ್ವಲ ಪಕ್ಕದಲ್ಲಿ ಮೈಕು ಹಿಡಿದು "ನಿಲ್ಲಬೇಡಿ, ಮುಂದೆ ನಡೀರಿ" ಅನ್ನುತ್ತಿದ್ದ.

ಆಗ ವೀರಭದ್ರಪ್ಪ ಬಂದರು. ಜರಿ ಶಾಲು. ಎರಡೂ ಕೈ ತುಂಬ ಬನ್ನಿ. ಸ್ಟೇಜಿಗೆ ಹೋಗಲಿಲ್ಲ. ಗೇಟಿನ ಬಾಯಲ್ಲೇ ನಿಂತರು. ಅವರ ಕೈ ಕೆಳಗೆ ಕೆಲಸ ಮಾಡಿದವರು ನೋಡಿ ಸುಮ್ಮನೆ ಹೋಗುತ್ತಾರಾ? ಒಬ್ಬರು ಬಗ್ಗಿದರು. ಅವರ ಹೆಂಡತಿ ಬಗ್ಗಿದಳು. ಹಿಂದಿನವರೂ ಬಗ್ಗಿದರು. ಹೊರಗೆ ಆಗತಾನೆ ಬಸ್ಸು ಖಾಲಿಯಾಗಿತ್ತು. ಹಿಂದಿನಿಂದ ಒತ್ತು ಶುರು.

"ಸಾಹೇಬ್ರ, ಒಳಗ ನಡೀರಿ. ಮಂದಿ ನಿಂತಾರ."

"ನಿಲ್ಲಲಿ. ಇದು ನನ್ನ ಜಾಗ." ನನ್ನ ಕಡೆಗೂ ಎಲೆ ಚಾಚಿದರು. "ತಗೋರಿ. ಬಂಗಾರದಂಗ ಇರೂಣ." ನಗುತ್ತಿದ್ದರು. ನಾಲ್ಕು ಮಂದಿಯ ಮುಂದೆ ದೊಡ್ಡವರಾಗುವ ನಗು.

ತೆಗೆದುಕೊಳ್ಳಲಿಲ್ಲ.

ಹಸಿರು ಸೀರೆಯ ಒಬ್ಬಾಕೆ ಅವರ ಕಾಲ ಬಳಿ ಬಗ್ಗಿದ್ದಳು. ಏಳಲಿಲ್ಲ. ಬೆನ್ನಿಗೆ ಹಿಂದಿನವರ ಮೊಣಕಾಲು ತಗುಲುತ್ತಿದ್ದವು. ಸರೀರಿ, ದಾರಿ ಬಿಡ್ರಿ ಅಂತ ಕೂಗಿದೆ. ಮತ್ತೆ ಕೂಗಿದೆ. ಆಮೇಲೆ ಎರಡೂ ಕೈಯಿಂದ ಸಾಹೇಬರನ್ನು ದಬ್ಬಿದೆ.

ಹೂವಿನ ಕುಂಡಗಳ ಮೇಲೆ ಬಿದ್ದರು. ಜಾಗ ಬಿಟ್ಟಿತು. ನೀರು ನುಗ್ಗಿದಂತೆ ಮಂದಿ ಒಳಗೆ ಹೋದರು. ಹಸಿರು ಸೀರೆಯವಳು ಅದರಲ್ಲೇ ಎಲ್ಲೋ ಹೋದಳು. ಯಾರಿಗೂ ಏನೂ ಆಗಲಿಲ್ಲ. ಸಾಹೇಬರ ಮಣಿಕಟ್ಟು ಮಾತ್ರ ಮುರಿಯಿತು.

ಏನೂ ಆಗಲಿಲ್ಲ ಅನ್ನುವುದೇ ಈಗ ನನ್ನ ತಪ್ಪು. ಒತ್ತು ಯಾರೂ ನೋಡಿಲ್ಲ. ನನ್ನ ಕೈ ಎಲ್ಲರೂ ನೋಡಿದ್ದಾರೆ. ಬನ್ನಿ ಕೊಡಲು ಬಂದ ಹಿರಿಯನನ್ನು ಹಬ್ಬದ ದಿನ ದಬ್ಬಿದಳು ಅನ್ನುತ್ತಾರೆ. ಹಾಲಿನ ಬೂತಿನಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ.

ನಮ್ಮನೆಯವರು ಬನ್ನಿ ಹಿಡಿದು ಸಾಹೇಬರ ಮನೆಗೆ ಹೋಗಿದ್ದರು. ಜಾಲರಿ ಬಾಗಿಲು ತೆಗೆಯಲಿಲ್ಲವಂತೆ. "ಮೊದಲ ಆಕಿ ಬಂದು ಕಾಲ ಹಿಡೀಲಿ" ಅಂತ ಒಳಗಿನಿಂದಲೇ ಅವರ ಹೆಂಡತಿ. ಎಲೆ ವಾಪಸ್ ತಂದು ಟಿವಿ ಮೇಲೆ ಇಟ್ಟಿದ್ದಾರೆ.

೮ ಅಕ್ಟೋಬರ್, ಭಾನುವಾರ. ಸಂಜೆ

ಇನ್ನೇನು ಮೀಟಿಂಗಿಗೆ ಕರೆಯುತ್ತಾರೆ. ಎಲ್ಲರೆದುರು ಕಾಲಿಗೆ ಬಿದ್ದು ತಪ್ಪಾಯಿತು ಅನ್ನಬೇಕು. ಇಲ್ಲದಿದ್ದರೆ ನಮ್ಮ ಮನೆಯವರೆಲ್ಲ ಸಂಘದ ಹೊರಗೆ. ಅತ್ತೆಯೂ.

"ಹೋಗಿ ಬಗ್ಗು. ಒಮ್ಮೆ ಬಗ್ಗಿದ್ರ ನಿನ್ನ ಸೊಂಟ ಏನೂ ಮುರಿಯೂದಿಲ್ಲ" ಅಂದರು ಅತ್ತೆ. ನೀವು ಮೇಲೆ ಕೂತಿದ್ದಿರಿ, ನೋಡಲಿಲ್ಲವಾ ಅಂದೆ. "ಚಸ್ಮಾ ಹಾಕಿದ್ದಿಲ್ಲ. ಹಾಕಿದ್ರೂ ಅವರು ಹಿರ್ಯಾರು, ನೀ ಸೊಸಿ."

ಮಧ್ಯಾಹ್ನ ಪ್ರಜ್ವಲ ಬಂದಿದ್ದ. ಸ್ಟೇಜಿನಿಂದ ತೆಗೆದ ಫೋಟೋ ಒಂದು ಅವನ ಹತ್ತಿರ ಇದೆ, ಸರಿಯಾಗಿ ಆ ಹೊತ್ತಿನದು. ಕ್ಯಾಮೆರಾದ ಹಿಂದಿನ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ತೋರಿಸಿದ. ಹಸಿರು ಸೀರೆ ಒಂದು ಚುಕ್ಕೆಯಷ್ಟೇ ಕಂಡಿತು. "ಎಲೆ ಬಿದ್ದಿತ್ತು ಅನ್ಸುತ್ತೆ ಆಂಟಿ, ಅವರು ಆರಿಸ್ಕೊತಿದ್ರು. ಸಾರಿ ಹೇಳಿ ಮುಗಿಸ್ಬಿಡಿ, ಯಾಕೆ ಟೆನ್ಶನ್."

ಅನ್ಸುತ್ತೆ ಅಂದರೆ?

ಎಲೆ ಆರಿಸುತ್ತಿದ್ದರೆ ನಾನು ಸುಮ್ಮನೆ ಒಬ್ಬ ಮುದುಕನ ಕೈ ಮುರಿದವಳು. ಹೋಗಿ ಬೀಳುತ್ತೇನೆ, ಹಣೆ ನೆಲಕ್ಕೆ ಹಚ್ಚಿ ಬೀಳುತ್ತೇನೆ. ಆದರೆ ಅವಳು ಒತ್ತಿಗೆ ಕುಸಿದು ಬೀಳುತ್ತಿದ್ದರೆ — ಸಂಘ ಬಿಡಲಿ, ಮನೆ ಬಿಡಲಿ, ಬಗ್ಗುವುದಿಲ್ಲ.

ಅವನ ರೂಮಿಗೆ ಫೋನು ಹಚ್ಚಬೇಕು. ಮಾತಾಡುವಾಗ ತಡವರಿಸುತ್ತೇನೆ, ಅದಕ್ಕೇ ಹೇಳುವುದನ್ನು ಮೊದಲು ಬರೆದುಕೊಳ್ಳುತ್ತೇನೆ:

ಪ್ರಜ್ವಲಪ್ಪ, ಆ ಫೋಟೋ ಕಂಪ್ಯೂಟರದಾಗ ದೊಡ್ಡದು ಮಾಡಿ ಇನ್ನೊಮ್ಮೆ ನೋಡು. ನನ್ನ ಮಾರಿ ಬ್ಯಾಡ, ಸಾಹೇಬ್ರ ಮಾರಿನೂ ಬ್ಯಾಡ. ಹಸರ ಸೀರ್ಯಾಕಿ ಬಲಗೈ ಅಷ್ಟ ನೋಡು. ಎಲಿ ಹಿಡ್ಯಾಕ ಬೆರಳ ಮಡಚ್ಯಾವೋ, ಇಲ್ಲಾ ಬೀಳೂದು ತಡ್ಯಾಕ ಅಂಗೈ ಪೂರಾ ನೆಲಕ್ಕ ಊರೈತೋ —