ಜವರಮ್ಮನ ಬಲಗೈ

೧೭ ಫೆಬ್ರವರಿ ೧೯೮೧, ಮಂಗಳವಾರ. ಜಾವಳಿ.

ಇವತ್ತು ನಾನಾಡಿದ ಮಾತು ಇಲ್ಲಿ ಬರೆಯೋಕೂ ನಾಚಿಕೆ.

ರೊಬಸ್ಟಾ ಕಾಫಿ ಕೊಯ್ಯೋಕೆ ಕೊಂಬೆ ಬಗ್ಗಿಸಿ ಬಗ್ಗಿಸಿ ನಮ್ಮ ತೋಟದ ಆಳು ಜವರಮ್ಮನ ಬಲಗೈ ತಿಂಗಳಿಂದ ಮೇಲೇಳ್ತಿರಲಿಲ್ಲ. ಭಾನುವಾರ ಮೂಡಿಗೆರೆಯಲ್ಲಿ ಡಾಕ್ಟರ್ ಖುರ್ಷೀದಾ ಅವ್ರು ಭುಜದ ನೋವಿಗೆ ಮೊಣಕಾಲ ಕೆಳಗೆ ಸೂಜಿ ಚುಚ್ಚಿದ್ರಂತೆ, ಔಷಧಿಯಿಲ್ಲದ ಬರೀ ಸೂಜಿ, ಚೀನಾದವರ ಅಕ್ಯುಪಂಕ್ಚರ್ ಅಂತೆ. ಇವತ್ತು ಕೆಲಸಕ್ಕೆ ಬಂದವಳು ಖುಷಿಯಿಂದ ಕೈ ಎತ್ತಿ ತೋರಿಸಿದಳು. ಎಸ್ಟೇಟಿನ ಹಾಜರಿ, ಲೆಕ್ಕ ಬರೆಯೋ ರೈಟರಾದ ನಾನು ಎಲ್ಲ ಆಳುಗಳ ಎದುರೇ, "ಔಷಧಿಯಿಲ್ಲದೆ ಹೋಗೋದು ಎಂಥಾ ನೋವು ಮಾರಾಯ್ತಿ? ಇಷ್ಟು ದಿನ ನಾಟಕವಾ?" ಅಂದೆ. ಎಲ್ಲರೂ ನಕ್ಕರು.

ಮಧ್ಯಾಹ್ನ ಮೂಡಿಗೆರೆಗೆ ಹೋದಾಗ ಡಾಕ್ಟರನ್ನೇ ಕೇಳಿದೆ.

"ಸೂಜಿ ನರವನ್ನ ಕೆಣಕುತ್ತೆ, ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತೆ. ಆಗ ಮೈಯೇ ಅಫೀಮಿನಂಥ ಒಂದು ಔಷಧಿ ಬಿಡುತ್ತೆ ಅಂತ ಈಚೆಗೆ ಗೊತ್ತಾಗ್ತಿದೆ. ಅವರ ನೋವು ಸುಳ್ಳಲ್ಲ ರೈಟರೇ," ಅಂದ್ರು.

ತಪ್ಪಾಯ್ತು ಅನ್ನೋಕೆ ಅಂತಲೇ ಸಂಜೆ ಆಳುಗಳ ಲೈನು ಮನೆಗಳಿಗೆ ಹೋದೆ. ಜವರಮ್ಮ ಅಟ್ಟದ ಮೇಲಿಂದ ಮಡಕೆ ಇಳಿಸ್ತಿದ್ದಳು, ಬಲಗೈಯಲ್ಲೇ. ನನ್ನ ಕಂಡದ್ದೇ ಮಡಕೆ ಅಲ್ಲೇ ಬಿಟ್ಟು, ಕೈ ಇಳಿಸಿ ಭುಜ ಹಿಡಕೊಂಡಳು.

"ಇನ್ನೂ ನೋವುಂಟು ಅಯ್ಯಾ, ದೇವರಾಣೆ," ಅಂದಳು.

ತಪ್ಪಾಯ್ತು ಅನ್ನದೇ ತಿರುಗಿ ಬಂದುಬಿಟ್ಟೆ. ವಾಸಿಯಾದ ಕೈಯನ್ನ ಬಚ್ಚಿಡೋ ಹಾಗೆ ಮಾಡಿಬಿಟ್ಟೆನಲ್ಲ, ನಾಳೆ ಯಾವ ಮುಖ ಇಟ್ಕೊಂಡು ಅವಳ ಹಾಜರಿ ಕೂಗಲಿ?